ಒಂದು ಕೂಸಿಗಾಗಿ ತೆರೆಯಬೇಕಾದ ವೈಲ್

ಯಾದಗಿರಿ ಜಿಲ್ಲೆಯ ಒಂದು ಉಪಕೇಂದ್ರದಲ್ಲಿ ಹಲವು ವರ್ಷಗಳಿಂದ ಮಕ್ಕಳಿಗೆ ಲಸಿಕೆ ಹಾಕುತ್ತಿದ್ದೇನೆ. ಈ ಕೆಲಸದಲ್ಲಿ ನಾನೇ ಮಾಡಿದ ಒಂದು ತಪ್ಪನ್ನೂ, ಅದರ ನಂತರ ಬದಲಿಸಿಕೊಂಡ ಕ್ರಮವನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಯುಗಾದಿಯ ಹಿಂದಿನ ಗುರುವಾರ ಮಧ್ಯಾಹ್ನ, ತಾಂಡಾದ ತಾಯಿಯೊಬ್ಬಳು ಹನ್ನೊಂದು ತಿಂಗಳ ಕೂಸನ್ನು ಎತ್ತಿಕೊಂಡು ಬಂದಳು. ಬೆಂಗಳೂರಿನ ಕಟ್ಟಡ ಕೆಲಸದಿಂದ ಹಬ್ಬಕ್ಕೆಂದು ಮರಳಿದ್ದ ಕುಟುಂಬ ಅದು. ತಾಯಿ ಕಾರ್ಡಿನಲ್ಲಿ ಮೂರೂವರೆ ತಿಂಗಳ ಲಸಿಕೆಯವರೆಗೆ ಮಾತ್ರ ತಾರೀಖುಗಳಿದ್ದವು. ಬೆಳಿಗ್ಗೆ ತೆರೆದಿದ್ದ ದಡಾರ-ರುಬೆಲ್ಲಾ ಲಸಿಕೆಯ ಸೀಸೆ, ಅಂದರೆ ವೈಲ್‌ನ ಅವಧಿ ಅಷ್ಟರಲ್ಲಿ ಮುಗಿದಿತ್ತು. ಪೋಲಿಯೋ ಹನಿಯ ವೈಲ್‌ನಂತೆ ಇದನ್ನು ಮುಂದಿನ ವಾರಕ್ಕೆ ಉಳಿಸುವಂತಿಲ್ಲ. ಪುಡಿಗೆ ದ್ರಾವಕ ಬೆರೆಸಿದ ನಾಲ್ಕು ಗಂಟೆಗಳೊಳಗೆ ಬಳಸಬೇಕು, ಉಳಿದದ್ದನ್ನು ಬಿಸಾಡಬೇಕು. ಒಂದು ಕೂಸಿಗಾಗಿ ಹತ್ತು ಡೋಸ್‌ಗಳ ಹೊಸ ವೈಲ್ ತೆರೆದರೆ ತಿಂಗಳ ವರದಿಯಲ್ಲಿ ನಷ್ಟದ ಲೆಕ್ಕ ಏರುತ್ತದೆಂದು ಅಂಜಿ, "ಮುಂದಿನ ಗುರುವಾರ ಬಾ ಯವ್ವ" ಎಂದು ಕಳಿಸಿದೆ. ಒಂದೇ ಮಗು ಬಂದರೂ ವೈಲ್ ತೆರೆಯಬೇಕೆಂಬ ನಿಯಮ ನನಗೆ ಗೊತ್ತಿತ್ತು. ಮುಂದಿನ ಗುರುವಾರದ ಹೊತ್ತಿಗೆ ಅವರು ಊರು ಬಿಟ್ಟಿದ್ದರು.

ಮರುವರ್ಷ ಸಂಕ್ರಾಂತಿ ಕಳೆದ ಮೇಲೆ ಅದೇ ತಾಂಡಾದಲ್ಲಿ ದಡಾರ ಹಬ್ಬಿತು. "ಅಮ್ಮ ಬಂದಾಳ" ಎಂದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ ಮಕ್ಕಳನ್ನು ಒಳಗೆ ಮಲಗಿಸಿದ್ದರು. ನಾನು ಬೇವನ್ನು ತೆಗೆಯಿರಿ ಎನ್ನಲಿಲ್ಲ. ವಿಟಮಿನ್ ಎ ಕುಡಿಸಲು ಬಿಡಿ ಎಂದಷ್ಟೇ ಕೇಳಿದೆ, ಯಾರೂ ಬೇಡವೆನ್ನಲಿಲ್ಲ. ವರ್ಷ ತುಂಬಿದ ಮಗುವಿಗೆ ಎರಡು ಲಕ್ಷ ಯೂನಿಟ್, ಆರರಿಂದ ಹನ್ನೊಂದು ತಿಂಗಳ ಕೂಸಿಗೆ ಒಂದು ಲಕ್ಷ, ಅದಕ್ಕಿಂತ ಚಿಕ್ಕದಕ್ಕೆ ಐವತ್ತು ಸಾವಿರ, ಹೀಗೆ ಸತತ ಎರಡು ದಿನ. ಮೈಮೇಲೆ ದದ್ದು ಕಾಣಿಸುವ ನಾಲ್ಕು ದಿನ ಮೊದಲೇ ಮಗು ಸೋಂಕನ್ನು ಹರಡುತ್ತಿರುತ್ತದೆ, ಅದು ಕೆಮ್ಮಿ ಹೋದ ಕೋಣೆಯ ಗಾಳಿಯಲ್ಲಿ ವೈರಾಣು ಎರಡು ಗಂಟೆಯವರೆಗೂ ಉಳಿಯುತ್ತದೆ. ಆದ್ದರಿಂದ ನಾವು ಮನೆಗಳನ್ನು ಎಣಿಸುವಷ್ಟರಲ್ಲಿ ರೋಗ ಮುಂದಿನ ಸಾಲಿಗೆ ದಾಟಿರುತ್ತಿತ್ತು. ನಾನು ವಾಪಸ್ ಕಳಿಸಿದ್ದ ಕೂಸು ಆ ಮನೆಗಳಲ್ಲೊಂದರಲ್ಲಿ ನ್ಯುಮೋನಿಯಾದಿಂದ ಏದುಸಿರು ಬಿಡುತ್ತಿತ್ತು. ಆಸ್ಪತ್ರೆಗೆ ಸೇರಿಸಿದೆವು, ಉಳಿಯಿತು. ಅದರ ತಾಯಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ, ಅದು ನನಗೆ ಇವತ್ತಿಗೂ ಭಾರವಾಗಿದೆ.

ಆ ದಿನಗಳಲ್ಲೇ ಪೆಸಿಫಿಕ್ ಸಾಗರದ ಸಮೋವಾ ದೇಶದ ಬಗ್ಗೆ ವಿವರವಾಗಿ ಓದಿದೆ. ಸುಮಾರು ಎರಡು ಲಕ್ಷ ಜನರಿರುವ ಆ ದ್ವೀಪಗಳಲ್ಲಿ 2018ರ ಜುಲೈನಲ್ಲಿ ದಾದಿಯರು ಲಸಿಕೆಯ ಪುಡಿಗೆ ದ್ರಾವಕದ ಬದಲು ಸ್ನಾಯು ಸಡಿಲಿಸುವ ಅರಿವಳಿಕೆ ಔಷಧಿಯನ್ನು ಬೆರೆಸಿ, ಎರಡು ಹಸುಳೆಗಳು ಸತ್ತವು. ಲಸಿಕೆಯನ್ನು ತಿಂಗಳುಗಟ್ಟಲೆ ನಿಲ್ಲಿಸಲಾಯಿತು, ಜನರ ನಂಬಿಕೆಯೂ ಹೋಯಿತು, ಆ ವರ್ಷ ಮೊದಲ ಡೋಸ್ ಪಡೆದ ಮಕ್ಕಳ ಪ್ರಮಾಣ ಶೇ. 31ರ ಆಸುಪಾಸಿಗೆ ಇಳಿಯಿತು. ದಡಾರ ತಡೆಯಲು ಬೇಕಾದದ್ದು ಶೇ. 95. ಮರುವರ್ಷ ಹಬ್ಬಿದ ದಡಾರದಲ್ಲಿ 83 ಜನ ಸತ್ತರು, ಹೆಚ್ಚಿನವರು ಐದು ವರ್ಷದೊಳಗಿನ ಮಕ್ಕಳು. 2019ರ ಡಿಸೆಂಬರ್‌ನಲ್ಲಿ ಇಡೀ ದೇಶವನ್ನು ಎರಡು ದಿನ ಮುಚ್ಚಿ, ಲಸಿಕೆಯಾಗದವರಿರುವ ಮನೆಗಳ ಮುಂದೆ ಕೆಂಪು ಬಟ್ಟೆ ಕಟ್ಟಿಸಿ, ಮನೆಮನೆಗೆ ಹೋಗಿ ಚುಚ್ಚಬೇಕಾಯಿತು. ಅದನ್ನು ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ, ಏಕೆಂದರೆ ಆ ದಾದಿಯರ ಕೈಯಲ್ಲಿದ್ದ ಕೆಲಸವೇ ನನ್ನ ಕೈಯಲ್ಲೂ ಇದೆ.

ಈಗ ಲಸಿಕೆ ಮತ್ತು ದ್ರಾವಕ ಒಂದೇ ಕಂಪನಿಯವೇ ಎಂದು ನೋಡಿ, ಎರಡರ ಹೆಸರನ್ನೂ ಅವಧಿಯನ್ನೂ ತಾಯಂದಿರಿಗೆ ಕೇಳುವಂತೆ ಗಟ್ಟಿಯಾಗಿ ಓದಿ, ಬೆರೆಸಿದ ಸಮಯವನ್ನು ವೈಲ್ ಮೇಲೆ ಬರೆಯುತ್ತೇನೆ. ಹೋಳಿ, ಯುಗಾದಿ, ದೀಪಾವಳಿಗೆ ಹದಿನೈದು ದಿನ ಮೊದಲೇ ಆಶಾ ಕಾರ್ಯಕರ್ತೆ ವಲಸೆ ಹೋದವರಿಗೆ ಫೋನ್ ಮಾಡಿ, ಯಾವ ದಿನ ಬರುತ್ತಾರೆ, ತಾಯಿ ಕಾರ್ಡ್ ಜೊತೆಗಿದೆಯೇ ಎಂದು ಕೇಳಿ ಪಟ್ಟಿ ಮಾಡುತ್ತಾಳೆ. ಒಂಬತ್ತು ತಿಂಗಳು ತುಂಬಿ ಡೋಸ್ ತಪ್ಪಿದ ಮಗು ಐದು ವರ್ಷದೊಳಗೆ ಯಾವಾಗ ಸಿಕ್ಕರೂ ಹಾಕುತ್ತೇನೆ. ಮೊದಲ ಡೋಸ್ ಹಾಕಿಸಿಕೊಂಡು ಊರು ಬಿಡುವವರಿಗೆ, ಹದಿನಾರು ತಿಂಗಳಾದ ಮೇಲಿನ ಎರಡನೆಯದನ್ನು ಬೆಂಗಳೂರು, ಹೈದರಾಬಾದ್, ಎಲ್ಲಿದ್ದರೂ ಸರ್ಕಾರಿ ಆಸ್ಪತ್ರೆಯಲ್ಲಿ ಹಾಕಿಸಬಹುದೆಂದು ಕಾರ್ಡಿನ ಮೇಲೆಯೇ ಬರೆದು ಕೊಡುತ್ತೇನೆ.

ಕಳೆದ ಯುಗಾದಿಯ ವಾರ ಮಧ್ಯಾಹ್ನ ಮೂರು ಗಂಟೆಗೆ ಒಂದೇ ಕೂಸು ಬಂತು. ವೈಲ್ ತೆರೆದು ಲಸಿಕೆ ಹಾಕಿ, ಅರ್ಧ ಗಂಟೆ ಕೂರಿಸಿ ನೋಡಿ, ಉಳಿದದ್ದನ್ನು ಐಸ್‌ಪ್ಯಾಕ್ ಇಟ್ಟ ಡಬ್ಬಿಯಲ್ಲಿ ತೆಗೆದುಕೊಂಡು ಆಶಾಳ ಜೊತೆ ತಾಂಡಾಕ್ಕೆ ಹೋದೆ. ಕತ್ತಲಾಗುವ ಮೊದಲು ಇನ್ನೂ ಮೂರು ಮಕ್ಕಳು ಸಿಕ್ಕರು. ಉಳಿದ ಆರು ಡೋಸ್‌ಗಳನ್ನು ನಷ್ಟದ ಕಾಲಂನಲ್ಲಿ ಬರೆದು ಸಹಿ ಮಾಡಿದೆ.