ಕಳೆದ ಮಳೆಗಾಲದ ಉತ್ತರ ಈ ಮಳೆಗಾಲ ಕೈಗೆ ಸಿಗಬೇಕಾದರೆ

ಮಳೆ ಹಿಡಿದು ಕೆಲವು ವಾರ ಆಗುವುದೇ ತಡ, ಅಡಿಕೆ ಬೆಳೆಗಾರರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಫೋಟೊ ಬೀಳಲು ಶುರುವಾಗುತ್ತದೆ. ಅಂಗೈಯಲ್ಲಿ ಕೊಳೆ ರೋಗಕ್ಕೆ ಕೊಳೆತ ನಾಲ್ಕು ಕಾಯಿ. ಕೆಳಗೆ ಒಂದು ಸಾಲು: ‘ಇದಕ್ಕೆ ಏನು ಹೊಡೀಬೇಕು? ಗೊತ್ತಿದ್ದವರು ಹೇಳಿ.’ ಕಳೆದ ವರ್ಷವೂ ಇದೇ ಪ್ರಶ್ನೆ ಬಂದಿರುತ್ತದೆ. ಅನುಭವ ಇದ್ದವರು ಯಾರೋ ಚೆನ್ನಾಗಿಯೇ ಉತ್ತರ ಕೊಟ್ಟಿರುತ್ತಾರೆ. ಆ ಉತ್ತರ ಎಲ್ಲಿಯೂ ಹೋಗಿರುವುದಿಲ್ಲ. ಹುಡುಕಿದರೆ ಸಿಗುವುದಿಲ್ಲ, ಅಷ್ಟೇ.

‘ಮೊದಲು ಹುಡುಕಿ ನೋಡಿ, ಆಮೇಲೆ ಕೇಳಿ’ ಎಂದು ಅಡ್ಮಿನ್‌ಗಳು ಗದರುತ್ತಾರೆ. ಪಾಪ, ಹುಡುಕಿದವರಿಗೆ ಏನೂ ಸಿಗದೇ ಇದ್ದಾಗಲೇ ಕೇಳುವುದು ಜಾಸ್ತಿ. ನನ್ನ ಪ್ರಕಾರ ಇಲ್ಲಿ ತಿದ್ದಿಕೊಳ್ಳಬೇಕಾದವರು ಹುಡುಕುವವರಿಗಿಂತ ಬರೆಯುವವರು. ಅದಕ್ಕೆ ಕಂಪ್ಯೂಟರ್ ವಿದ್ಯೆ ಬೇಕಿಲ್ಲ. ಹುಡುಕಾಟ ಹೇಗೆ ನಡೆಯುತ್ತದೆ ಎಂದು ಒಂದಿಷ್ಟು ಗೊತ್ತಿದ್ದರೆ ಸಾಕು.

ಒಳಗೆ ನಡೆಯುವುದು ಏನು?

ದಪ್ಪ ಪುಸ್ತಕದ ಕೊನೆಯಲ್ಲಿ ಪದಗಳ ಪಟ್ಟಿ ಇರುತ್ತದಲ್ಲ, ಯಾವ ಪದ ಯಾವ ಪುಟದಲ್ಲಿದೆ ಅಂತ? ಹುಡುಕುವ ತಂತ್ರಾಂಶ ಮಾಡಿಕೊಳ್ಳುವುದೂ ಅಂಥದೇ ಪಟ್ಟಿ. ನೀವು ಸಂದೇಶ ಹಾಕಿದ ಕೂಡಲೇ ಅದನ್ನು ಪದ ಪದವಾಗಿ ಒಡೆದು, ಪ್ರತಿ ಪದದ ಮುಂದೆ ಆ ಸಂದೇಶದ ಗುರುತು ಬರೆದಿಟ್ಟುಕೊಳ್ಳುತ್ತದೆ. ಯಾರಾದರೂ ‘ಕೊಳೆ’ ಎಂದು ಹುಡುಕಿದಾಗ ಸಾವಿರಾರು ಸಂದೇಶಗಳನ್ನು ಮತ್ತೆ ಓದುತ್ತಾ ಕೂರುವುದಿಲ್ಲ. ಪಟ್ಟಿ ತೆರೆದು, ಆ ಪದದ ಮುಂದೆ ಏನಿದೆಯೋ ಅದನ್ನು ಎತ್ತಿ ತೋರಿಸುತ್ತದೆ. ಹಾಗಾಗಿ ಪಟ್ಟಿಗೆ ಸೇರದ್ದು ಯಾವತ್ತೂ ಸಿಗುವುದಿಲ್ಲ. ಅಂಗೈಯಲ್ಲಿ ಕೊಳೆತ ಕಾಯಿ ಹಿಡಿದ ಫೋಟೊದಲ್ಲಿ ‘ಕೊಳೆ’ ಎಂಬ ಪದ ಇಲ್ಲವಲ್ಲ.

ತುಂಬಾ ಫಲಿತಾಂಶ ಸಿಕ್ಕರೆ ಯಾವುದನ್ನು ಮೇಲೆ ತೋರಿಸಬೇಕು? ವಾಟ್ಸ್‌ಆ್ಯಪ್ ಸುಮ್ನೆ ಹೊಸದನ್ನು ಮೇಲಿಡುತ್ತದೆ. ದೊಡ್ಡ ಜಾಲತಾಣಗಳು ಪದಗಳನ್ನು ತೂಗಿ ನೋಡುತ್ತವೆ. ಎಲ್ಲ ಕಡೆ ಕಾಣುವ ಪದಕ್ಕೆ ತೂಕ ಕಡಿಮೆ, ಅಪರೂಪದ ಪದಕ್ಕೆ ಜಾಸ್ತಿ. ಬ್ರಿಟನ್ನಿನ ಕಂಪ್ಯೂಟರ್ ವಿಜ್ಞಾನಿ ಕರೆನ್ ಸ್ಪಾರ್ಕ್ ಜೋನ್ಸ್ 1972ರಲ್ಲಿ ಈ ಲೆಕ್ಕಾಚಾರವನ್ನು ಮುಂದಿಟ್ಟರು. ಇವತ್ತಿನ ಹುಡುಕಾಟಗಳ ಬುಡದಲ್ಲೂ ಅದರ ನೆರಳು ಇದೆ. ನಮ್ಮ ಗುಂಪಿಗೆ ಇದನ್ನು ಹೊಂದಿಸಿ ನೋಡಿ. ಅಡಿಕೆ ಬೆಳೆಗಾರರ ಗುಂಪಿನಲ್ಲಿ ‘ಅಡಿಕೆ’ ಎಂಬ ಪದಕ್ಕೆ ಬೆಲೆಯೇ ಇಲ್ಲ, ಎಲ್ಲ ಸಂದೇಶದಲ್ಲೂ ಅದೇ. ‘ಹಿಂಗಾರ’ (ಅಡಿಕೆಯ ಹೂಗೊಂಚಲು), ‘ಮೈಲುತುತ್ತ’ (ತಾಮ್ರದ ಸಲ್ಫೇಟ್), ‘ಎಲೆಚುಕ್ಕೆ’ (ಎಲೆಗೆ ಬರುವ ರೋಗ) ಇಂಥ ಪದಗಳೇ ದಾರಿ ತೋರಿಸುವುದು.

ಗುಂಪಿನ ಹೊರಗೆ ಮಾತ್ರ ಲೆಕ್ಕ ತಿರುಗುಮುರುಗಾಗುತ್ತದೆ. ಕಾಫಿಗೂ ಕೊಳೆ ರೋಗ ಅಂತ ಒಂದು ಇದೆ. ಗೂಗಲ್‌ನಲ್ಲಿ ಬರೀ ‘ಕೊಳೆ ರೋಗ’ ಎಂದು ಹಾಕಿದರೆ ಎರಡೂ ಬೆರೆತು ಬರಬಹುದು. ಅಲ್ಲಿ ಬೆಳೆಯ ಹೆಸರು ಬೇಕೇ ಬೇಕು.

ಹೆಜ್ಜೆ 1: ಹುಡುಕುವವರು ಯಾವ ಹೆಸರು ಹೇಳುತ್ತಾರೆ?

ಮಲೆನಾಡಿನಲ್ಲಿ ಕೊಳೆ ರೋಗ. ಕಾಸರಗೋಡು ಕಡೆ ಮಹಾಳಿ. ಇಲಾಖೆಯ ಕರಪತ್ರದಲ್ಲಿ ‘ಕಾಯಿ ಕೊಳೆ ರೋಗ’. ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆದದ್ದನ್ನು ಒಬ್ಬರು ‘ಬೋರ್ಡೋ ಸಿಂಪಡಣೆ’ ಎಂದು ಬರೆದರೆ ಇನ್ನೊಬ್ಬರು ‘ಔಷಧಿ ಹೊಡೆಸಿದೆ’ ಎನ್ನುತ್ತಾರೆ. ದಕ್ಷಿಣ ಕನ್ನಡದವರು ‘ಮದ್ದು ಬಿಟ್ಟೆ’ ಎನ್ನುತ್ತಾರೆ. ಶಿರಸಿ ಕಡೆಯವರು ಗೊನೆಗೆ ಕೊಟ್ಟೆ (ಮಳೆ ತಾಗದಂಥ ಹೊದಿಕೆ) ಕಟ್ಟುವುದೂ ಇದೇ ರೋಗದಿಂದ ಕಾಯಿ ಉಳಿಸಿಕೊಳ್ಳಲು. ಕೇಳುವ ಮನುಷ್ಯನಿಗೆ ಇದೆಲ್ಲ ಒಂದೇ ವಿಷಯ. ಪದಗಳ ಪಟ್ಟಿಗೆ ಮಾತ್ರ ಇವು ಒಂದಕ್ಕೊಂದು ಸಂಬಂಧವೇ ಇಲ್ಲದ ಪದಗಳು.

ಕನ್ನಡ ವಿಕಿಪೀಡಿಯದವರು ಇದಕ್ಕೆ ಒಳ್ಳೆಯ ಉಪಾಯ ಇಟ್ಟುಕೊಂಡಿದ್ದಾರೆ. ಲೇಖನ ಒಂದೇ. ಅದರ ಬೇರೆ ಬೇರೆ ಹೆಸರು, ಬೇರೆ ಬೇರೆ ಕಾಗುಣಿತಕ್ಕೆ ಒಂದೊಂದು ಪುನರ್ನಿರ್ದೇಶನ ಪುಟ ಮಾಡಬಹುದು. ಯಾವ ಹೆಸರಿನಿಂದ ಬಂದರೂ ಓದುಗ ಅದೇ ಲೇಖನಕ್ಕೆ ತಲುಪುತ್ತಾನೆ. ವಾಟ್ಸ್‌ಆ್ಯಪ್‌ನಲ್ಲಿ ಆ ಸೌಲಭ್ಯ ಇಲ್ಲ. ಆದರೆ ಸಂದೇಶದ ಕೊನೆಗೆ ಒಂದು ಸಾಲು ಹಾಕಲು ಯಾರೂ ಬೇಡ ಅನ್ನುವುದಿಲ್ಲ: ‘ಬೇರೆ ಹೆಸರು: ಮಹಾಳಿ, ಕೊಳೆರೋಗ, ಕಾಯಿ ಕೊಳೆ’. ಓದುವಾಗ ಸ್ವಲ್ಪ ಅಸಡ್ಡಾಳ ಅನ್ನಿಸುತ್ತದೆ ನಿಜ. ಇರಲಿ ಬಿಡಿ.

ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡುವವರು ಪ್ರತಿ ಗುಂಪಿನಲ್ಲೂ ಇದ್ದಾರೆ. ಅವರಿಗಾಗಿ ರೋಗದ ಹೆಸರನ್ನು ಒಮ್ಮೆ ಇಂಗ್ಲಿಷ್ ಅಕ್ಷರದಲ್ಲೂ ಬರೆಯಿರಿ. ಕೊಳೆ ರೋಗದ ವಿಷಯದಲ್ಲಿ ಇದಕ್ಕೆ ಇನ್ನೊಂದು ಲಾಭ ಇದೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲಿ ಇದರ ಬಗ್ಗೆ ವರದಿ ಬರೆದಾಗ ಕನ್ನಡದ ಹೆಸರನ್ನೇ ಇಟ್ಟುಕೊಂಡರು. ಇಂಗ್ಲಿಷ್ ಕೃಷಿ ಬರಹಗಳಲ್ಲಿ ಇವತ್ತಿಗೂ ಅದು ನಡೆಯುತ್ತದೆ. ಆ ಹೆಸರಿನಲ್ಲಿ ಹುಡುಕಿದರೆ ಸಂಶೋಧನಾ ಲೇಖನಗಳೂ ಸಿಗುತ್ತವೆ.

ಹೆಜ್ಜೆ 2: ಮೊದಲ ಸಾಲಿನಲ್ಲೇ ವಿಷಯ

ಫಲಿತಾಂಶದ ಪಟ್ಟಿಯಲ್ಲಿ ಸಂದೇಶ ಪೂರ್ತಿ ಕಾಣುವುದಿಲ್ಲ, ಒಂದೆರಡು ಸಾಲು ಮಾತ್ರ. ಆ ಜಾಗ ‘ಎಲ್ಲರಿಗೂ ಶುಭೋದಯ, ನಾನೊಬ್ಬ ಸಣ್ಣ ಬೆಳೆಗಾರ’ ಎಂಬುದಕ್ಕೇ ಮುಗಿದರೆ ಯಾರು ಒತ್ತಿ ನೋಡುತ್ತಾರೆ? ಹೀಗೆ ಬರೆದು ನೋಡಿ:

‘ಅಡಿಕೆ ಕೊಳೆ ರೋಗ: ಬೋರ್ಡೋ ಹೊಡೆದ ಮೇಲೂ ಕಾಯಿ ಉದುರುತ್ತಿದೆ. ತೀರ್ಥಹಳ್ಳಿ ಕಡೆ, ಜುಲೈ ಎರಡನೇ ವಾರ. ಜೂನ್ ಮೊದಲ ವಾರ 1% ದ್ರಾವಣ ಹೊಡೆಸಿದ್ದು (1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು). ಹೊಡೆದ ಸಂಜೆಯೇ ಜೋರು ಮಳೆ. ತೊಟ್ಟಿನ ಹತ್ತಿರ ನೀರು ಕುಡಿದಂಥ ಕಡು ಹಸಿರು ಕಲೆ ಇದೆ. ಮತ್ತೆ ಹೊಡೆಸಬೇಕಾ, 40 ದಿನ ಕಾಯಬೇಕಾ? ಬೇರೆ ಹೆಸರು: ಮಹಾಳಿ.’

ಈ ಒಂದು ಸಂದೇಶಕ್ಕೆ ಎಷ್ಟು ಬಾಗಿಲು ನೋಡಿ. ಊರಿನ ಹೆಸರಿನಿಂದ ಬರಬಹುದು, ಮೈಲುತುತ್ತದಿಂದ ಬರಬಹುದು, ‘ಉದುರು’ ಎಂದು ಹುಡುಕಿ ಬರಬಹುದು. ಉತ್ತರ ಕೊಡುವವರಿಗೂ ‘ಯಾವಾಗ ಹೊಡೆದಿರಿ, ಎಷ್ಟು ಹಾಕಿದಿರಿ’ ಎಂದು ಮತ್ತೆ ಕೇಳುವ ಕೆಲಸ ತಪ್ಪುತ್ತದೆ.

ಹೆಜ್ಜೆ 3: ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ

ಕನ್ನಡದಲ್ಲಿ ಬರೆಯುವವರಿಗೆ ನಿಜವಾದ ತಲೆನೋವು ಇಲ್ಲಿದೆ.

ಮೊದಲು ಸೊನ್ನೆಯ ಗಲಾಟೆ. ‘ಹಿಂಗಾರ’ ಪದದಲ್ಲಿರುವ ಅನುಸ್ವಾರವೂ ಕನ್ನಡ ಅಂಕಿಯ ಸೊನ್ನೆಯೂ ನೋಡಲು ಒಂದೇ ಥರ. ಯೂನಿಕೋಡ್‌ನಲ್ಲಿ ಎರಡೂ ಬೇರೆ. ಅನುಸ್ವಾರದ ಸಂಖ್ಯೆ 3202, ಸೊನ್ನೆಯದು 3302. ಕೆಲವರ ಬರಹದಲ್ಲಿ ಅನುಸ್ವಾರ ಇರಬೇಕಾದ ಕಡೆಯೆಲ್ಲ ಈ ಅಂಕಿ ಕೂತಿರುತ್ತದೆ. ಓದಲು ಏನೂ ತೊಂದರೆ ಇಲ್ಲ, ಗೊತ್ತೇ ಆಗುವುದಿಲ್ಲ. ಆದರೆ ‘ಹಿಂಗಾರ’ ಎಂದು ಸರಿಯಾಗಿ ಟೈಪ್ ಮಾಡಿ ಹುಡುಕಿದವರಿಗೆ ‘ಹಿ೦ಗಾರ’ ಸಿಗುವುದಿಲ್ಲ. ಈಗ ಓದಿದ ಎರಡು ಪದಗಳಲ್ಲಿ ಎರಡನೆಯದು ಸೊನ್ನೆ ಹಾಕಿದ್ದು. ನಿಮ್ಮ ಕೀಬೋರ್ಡ್ ಯಾವುದನ್ನು ಕೊಡುತ್ತಿದೆ ಎಂದು ಒಮ್ಮೆ ಪರೀಕ್ಷೆ ಮಾಡಿ. ಗುಂಪಿನಲ್ಲಿ ಬೇರೆಯವರು ಬರೆದ, ಅನುಸ್ವಾರ ಇರುವ ಒಂದು ಪದವನ್ನು ಆರಿಸಿ, ಅದನ್ನೇ ನೀವು ಟೈಪ್ ಮಾಡಿ ಹುಡುಕಿ. ಸಿಗದಿದ್ದರೆ ಇಬ್ಬರಲ್ಲಿ ಒಬ್ಬರ ಕೀಲಿಮಣೆ ಕೈ ಕೊಟ್ಟಿದೆ ಎಂದರ್ಥ.

ಎರಡನೆಯದು ಕಾಣದ ಅಕ್ಷರ. ‘ಫೇಸ್‌ಬುಕ್’, ‘ಸಾಫ್ಟ್‌ವೇರ್’ ಇಂಥ ಪದಗಳಲ್ಲಿ ಮುಂದಿನ ಅಕ್ಷರ ಒತ್ತಾಗಿ ಹಿಂದಿನದಕ್ಕೆ ಅಂಟಿಕೊಳ್ಳದಿರಲಿ ಎಂದು ನಡುವೆ ಒಂದು ಗುರುತು ಸೇರಿಸುತ್ತೇವೆ. ಪರದೆಯ ಮೇಲೆ ಅದು ಕಾಣುವುದಿಲ್ಲ. ಕೆಲವು ಹುಡುಕಾಟಗಳು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಕೆಲವು ಹಿಡಿಯುತ್ತವೆ. ಇನ್ನು ಕೆಲವರು ಅದರ ಬದಲು ಖಾಲಿ ಜಾಗ ಬಿಟ್ಟು ಪದವನ್ನೇ ಎರಡು ಮಾಡಿಬಿಡುತ್ತಾರೆ. ವಾಟ್ಸಾಪ್, ವಾಟ್ಸಪ್, ವಾಟ್ಸ್ ಆ್ಯಪ್ ಎಲ್ಲವೂ ಚಾಲ್ತಿಯಲ್ಲಿವೆ ಅಲ್ವಾ? ಇಂಥ ಪದಗಳನ್ನು ಮುಖ್ಯ ಗುರುತಾಗಿ ನಂಬಬೇಡಿ. ಜೊತೆಗೆ ಸರಳವಾದ ಕನ್ನಡ ಪದ ಒಂದು ಇರಲಿ.

‘ಕೊ’ ಅಕ್ಷರದ್ದೂ ಒಂದು ಕತೆ ಇದೆ. ಒತ್ವವನ್ನು ಒಂದೇ ಗುರುತಾಗಿ ಬರೆಯಬಹುದು, ಎತ್ವ ಮತ್ತು ದೀರ್ಘ ಉತ್ವ ಸೇರಿಸಿಯೂ ಬರೆಯಬಹುದು. ಒಳ್ಳೆಯ ತಂತ್ರಾಂಶಗಳು ಇವೆರಡನ್ನೂ ಒಂದೇ ಎಂದು ಸರಿಪಡಿಸಿಕೊಳ್ಳುತ್ತವೆ. ನಾವು ತಲೆ ಕೆಡಿಸಿಕೊಳ್ಳಬೇಕಿಲ್ಲ.

ಕಾಗುಣಿತದ ವ್ಯತ್ಯಾಸ ಮಾತ್ರ ನಮ್ಮದೇ ಜವಾಬ್ದಾರಿ. ಅಡಿಕೆ, ಅಡಕೆ ಎರಡೂ ಅಚ್ಚಾಗುತ್ತವೆ. ಬೋರ್ಡೋ, ಬೋರ್ಡೊ. ಔಷಧ, ಔಷಧಿ. ಕೊಳೆ ರೋಗ, ಕೊಳೆರೋಗ. ಯಾವುದು ಸರಿ ಎಂಬ ಜಗಳ ಬೇಡ. ಗುಂಪಿನಲ್ಲಿ ಒಂದನ್ನು ಒಪ್ಪಿಕೊಂಡು ಅದನ್ನೇ ಬಳಸಿದರೆ ಸಾಕು.

ಇನ್ನು ಹಳೆಯ ಬರಹ. ಯೂನಿಕೋಡ್‌ನ ಮೊದಲ ಆವೃತ್ತಿ ಬಂದ 1991ರಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಆದರೆ ಬಹಳ ವರ್ಷ ನಾವು ಟೈಪ್ ಮಾಡಿದ್ದು ‘ನುಡಿ’, ‘ಬರಹ’ ಎಂಬ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ. ಆ ಕಡತಗಳೊಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿತ್ರವಿಚಿತ್ರ ಚಿಹ್ನೆಗಳು, ಮೇಲೆ ತೊಡಿಸಿದ್ದು ಕನ್ನಡದ ರೂಪ. ನಕಲು ಮಾಡಿ ಗುಂಪಿಗೆ ಹಾಕಿದರೆ ಅರ್ಥವಿಲ್ಲದ ಗೀಚು ಬರುತ್ತದಲ್ಲ, ಅದಕ್ಕೇ. ಸಂಘದ ಹಳೆಯ ಮಾಹಿತಿ ಹಂಚುವವರು ಮೊದಲು ಪರಿವರ್ತಕದಲ್ಲಿ ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಪರಿವರ್ತನೆ ಆದ ಮೇಲೆ ಒತ್ತಕ್ಷರ, ಅರ್ಕಾವತ್ತು ನೋಡಲೇಬೇಕು. ತಪ್ಪು ನುಸುಳುವುದು ಅಲ್ಲೇ.

ಹೆಜ್ಜೆ 4: ಫೋಟೊ, ಧ್ವನಿ, ಪಿಡಿಎಫ್

ಫೋಟೊ ಹಾಕಿದರೆ ಅದರ ಜೊತೆಗೇ ಶೀರ್ಷಿಕೆ ಬರೆಯಿರಿ. ಬೇರೆ ಸಂದೇಶವಾಗಿ ಬರೆದರೆ ನಡುವೆ ನಾಲ್ಕು ‘ನಮಸ್ತೆ’ ಬಂದು ಎರಡೂ ದೂರವಾಗುತ್ತವೆ. ಪತ್ರಿಕೆಯ ತುಣುಕು ಹಂಚುವಾಗಲೂ ಅದರ ತಲೆಬರಹವನ್ನು ಟೈಪ್ ಮಾಡಿ. ಪಿಡಿಎಫ್‌ಗೆ ಸ್ಕ್ಯಾನರ್ ಕೊಟ್ಟ ಅಂಕಿಗಳ ಹೆಸರನ್ನೇ ಬಿಡದೆ ‘ಕೊಳೆ ರೋಗ ನಿರ್ವಹಣೆ 2024’ ಎಂಬಂಥ ಹೆಸರು ಕೊಡಿ.

ಹಿರಿಯ ಬೆಳೆಗಾರರು ಟೈಪ್ ಮಾಡುವುದಿಲ್ಲ, ಮಾತಾಡಿ ಕಳಿಸುತ್ತಾರೆ. ಗುಂಪಿನ ಅತ್ಯುತ್ತಮ ಜ್ಞಾನ ಇರುವುದು ಆ ಧ್ವನಿ ಸಂದೇಶಗಳಲ್ಲೇ. ಅವು ಕೊಳೆ ಅಂತ ಹುಡುಕಿದರೂ ಬರುವುದಿಲ್ಲ, ಬೋರ್ಡೋ ಅಂತ ಹುಡುಕಿದರೂ ಬರುವುದಿಲ್ಲ. ಕೇಳಿಸಿಕೊಂಡವರಲ್ಲಿ ಒಬ್ಬರು ಅದಕ್ಕೇ ರಿಪ್ಲೈ ಒತ್ತಿ ಎರಡು ಸಾಲು ಬರೆದರಾಯಿತು: ‘ಮೇಲಿನ ಧ್ವನಿಯಲ್ಲಿ: ಬೋರ್ಡೋ ತಯಾರಿಸುವಾಗ ಸುಣ್ಣ ಎಷ್ಟು, ಯಾವ ಪಾತ್ರೆ.’ ಬರಹ ಸಿಕ್ಕರೆ ಅದರ ಬೆನ್ನಿಗೆ ಧ್ವನಿಯೂ ಸಿಗುತ್ತದೆ.

ಹೆಜ್ಜೆ 5: ಆಮೇಲೆ ಏನಾಯಿತು ಹೇಳಿ

ಹತ್ತು ಜನ ಹತ್ತು ಸಲಹೆ ಕೊಡುತ್ತಾರೆ. ಕೇಳಿದವರು ಕೈ ಮುಗಿಯುವ ಚಿತ್ರ ಹಾಕಿ ಮಾಯ. ಮುಂದಿನ ವರ್ಷ ಹುಡುಕಿ ಬಂದವರಿಗೆ ಯಾವುದು ಕೆಲಸ ಮಾಡಿತು ಎಂದು ಹೇಗೆ ತಿಳಿಯಬೇಕು? ತಿಂಗಳು ಬಿಟ್ಟು ನಿಮ್ಮ ಹಳೆಯ ಪ್ರಶ್ನೆಗೇ ರಿಪ್ಲೈ ಮಾಡಿ, ರೋಗದ ಹೆಸರು ಮತ್ತೆ ಬರೆದು, ಏನು ಮಾಡಿದಿರಿ, ಉದುರುವುದು ನಿಂತಿತೇ ಇಲ್ಲವೇ ಹೇಳಿ. ನಿಲ್ಲದಿದ್ದರೂ ಹೇಳಿ. ‘ಅದೇ ಹೊಡೆದೆ, ಸರಿಯಾಯ್ತು’ ಎಂದರೆ ಸಾಲದು. ‘ಅದೇ’ ಎಂದು ಯಾರೂ ಹುಡುಕುವುದಿಲ್ಲ.

ಅಡ್ಮಿನ್‌ಗಳಿಗೆ

ವಾಟ್ಸ್‌ಆ್ಯಪ್‌ನಲ್ಲಿ ಸಂದೇಶಗಳಿಗೆ ಗೂಢಲಿಪಿ (ಕಳಿಸಿದವರು, ಪಡೆದವರು ಬಿಟ್ಟು ಬೇರೆಯವರು ಓದಲಾಗದ ರೂಪ) ಇರುವುದರಿಂದ ಹುಡುಕಾಟ ನಡೆಯುವುದು ಅವರವರ ಫೋನಿನಲ್ಲೇ. ಫೋನಿನಲ್ಲಿ ಇರುವಷ್ಟೇ ಸಿಗುತ್ತದೆ. ಬ್ಯಾಕಪ್ ಇಲ್ಲದೆ ಫೋನ್ ಬದಲಿಸಿದವರಿಗೆ ಹಳೆಯದು ಹೋಯಿತು. ನಿನ್ನೆ ಸೇರಿದವರಿಗೆ ಹೋದ ವರ್ಷದ ಚರ್ಚೆ ಸಿಗುವುದಿಲ್ಲ. ಅವರಿಗೆ ‘ಹುಡುಕಿ ನೋಡಿ’ ಎನ್ನುವುದು ಅನ್ಯಾಯ. ಟೆಲಿಗ್ರಾಂನಲ್ಲಿ ಗುಂಪಿನ ಸಂದೇಶಗಳು ಅವರ ಸರ್ವರ್‌ನಲ್ಲಿ ಇರುತ್ತವೆ. ಅಡ್ಮಿನ್ ಬಿಟ್ಟುಕೊಟ್ಟರೆ ಹೊಸಬರೂ ಹಳೆಯದನ್ನೆಲ್ಲ ನೋಡಬಹುದು.

ವಾಟ್ಸ್‌ಆ್ಯಪ್‌ನ ಪಿನ್ (ಸಂದೇಶವನ್ನು ಮೇಲೆ ಅಂಟಿಸಿಡುವುದು) 30 ದಿನಕ್ಕಿಂತ ಜಾಸ್ತಿ ನಿಲ್ಲುವುದಿಲ್ಲ. ಹಾಗಾಗಿ ಒಳ್ಳೆಯ ಉತ್ತರಗಳನ್ನೆಲ್ಲ ಒಂದು ಗೂಗಲ್ ಡಾಕ್‌ನಲ್ಲಿ ಸೇರಿಸುತ್ತಾ ಹೋಗಿ, ಅದರ ಕೊಂಡಿಯನ್ನು ಗುಂಪಿನ ವಿವರಣೆಯಲ್ಲಿ ಹಾಕಿ. ಬರೆದವರನ್ನು ಕೇಳಿ ಸೇರಿಸುವುದು ಒಳ್ಳೆಯದು, ಫೋನ್ ನಂಬರ್ ಮಾತ್ರ ಬೇಡ. ಟೆಲಿಗ್ರಾಂ, ಫೇಸ್‌ಬುಕ್‌ನಲ್ಲಿ ಹ್ಯಾಶ್‌ಟ್ಯಾಗ್ ಕೆಲಸಕ್ಕೆ ಬರುತ್ತದೆ. ಖಾಲಿ ಜಾಗ ಬಂದಲ್ಲಿ ಅದು ಮುರಿಯುತ್ತದೆ, ಆದ್ದರಿಂದ #ಕೊಳೆರೋಗ ಎಂದು ಕೂಡಿಸಿಯೇ ಬರೆಯಬೇಕು. ಹತ್ತು ಹದಿನೈದು ಟ್ಯಾಗ್ ನಿಗದಿ ಮಾಡಿದರೆ ಸಾಕು. ಐವತ್ತು ಮಾಡಿದರೆ ಯಾರಿಗೂ ನೆನಪಿರುವುದಿಲ್ಲ.

ಹುಡುಕುವವರಿಗೆ ಕೆಲವು ಮಾತು

ಪೂರ್ತಿ ವಾಕ್ಯ ಹಾಕಬೇಡಿ. ಒಂದು ಪದ, ಅದೂ ಅಪರೂಪದ್ದು. ಕನ್ನಡದಲ್ಲಿ ಪದದ ಬಾಲ ಬದಲಾಗುತ್ತಿರುತ್ತದೆ. ‘ಸುಣ್ಣ’ ಇದ್ದದ್ದು ಸುಣ್ಣದ, ಸುಣ್ಣಕ್ಕೆ ಆಗುತ್ತದೆ. ಇಲ್ಲಿ ಮೊದಲ ಭಾಗ ಹಾಗೇ ಉಳಿಯುವುದರಿಂದ ಚಿಂತೆ ಇಲ್ಲ. ‘ನೀರು’ ಮಾತ್ರ ನೀರಿಗೆ, ನೀರಿನ ಎಂದಾಗಿ ಕೊನೆಯ ಉಕಾರವೇ ಬಿದ್ದುಹೋಗುತ್ತದೆ. ಆಗ ‘ನೀರ’ ಎಂದು ಅಷ್ಟಕ್ಕೇ ನಿಲ್ಲಿಸಿ ಹುಡುಕಿ. ಪದದ ಆರಂಭ ಹೊಂದಿದರೆ ತೋರಿಸುವ ಹುಡುಕಾಟಗಳಲ್ಲಿ ಮೂರೂ ರೂಪ ಸಿಗುತ್ತವೆ. ‘ಹಣ್ಣು’, ‘ಕಾಳು’ ಇವಕ್ಕೂ ಇದೇ ಉಪಾಯ.

ಪದ ಯಾವುದೂ ಹೊಳೆಯದಿದ್ದರೆ ದಿನಾಂಕ ಹಿಡಿಯಿರಿ. ವಾಟ್ಸ್‌ಆ್ಯಪ್‌ನಲ್ಲಿ ಗುಂಪು ತೆರೆದು ಹುಡುಕಾಟ ಒತ್ತಿದರೆ ಕ್ಯಾಲೆಂಡರ್ ಚಿಹ್ನೆ ಕಾಣುತ್ತದೆ. ಕೊಳೆ ರೋಗದ ಮಾತು ಜಾಸ್ತಿ ನಡೆಯುವುದು ಜುಲೈ, ಆಗಸ್ಟ್‌ನಲ್ಲಿ. ಹೋದ ವರ್ಷದ ಜುಲೈ ಮಧ್ಯಕ್ಕೆ ಹೋಗಿ, ಅಲ್ಲಿಂದ ಕೆಳಗೆ ಓದುತ್ತಾ ಬನ್ನಿ. ಫೋಟೊಗಳ ಸುತ್ತಮುತ್ತ ನಿಧಾನಿಸಿ. ಹೆಸರೇ ಇಲ್ಲದ ಉತ್ತರಗಳು ಹೆಚ್ಚಾಗಿ ಅವುಗಳ ಕೆಳಗೇ ಇರುತ್ತವೆ. ಸಿಕ್ಕಿದ ಕೂಡಲೇ ಆ ಉತ್ತರಕ್ಕೆ ರಿಪ್ಲೈ ಒತ್ತಿ ರೋಗದ ಹೆಸರು, ಔಷಧಿಯ ಹೆಸರು ಟೈಪ್ ಮಾಡಿಬಿಡಿ.