ಜನವರಿ ದ್ರಾಕ್ಷಿ, ಬಾವಿಕಟ್ಟೆಯ ತೊಟ್ಟಿ

ಈ ಸಲದ ಕ್ರಿಸ್ಮಸ್‌ಗೆ ನಾನು ಮಾಡಿದ ವೈನ್ ಕುಡಿದು ಚಿಕ್ಕಪ್ಪ ಏನೂ ಹೇಳಲಿಲ್ಲ, ಸುಮ್ನೆ ಖಾಲಿ ಗ್ಲಾಸನ್ನು ಮತ್ತೆ ಮುಂದೆ ಚಾಚಿದರು. "ಎಸಿ ಇಲ್ಲದೆ ಶಂಕರಪುರದಲ್ಲಿ ತಂಪಲ್ಲಿ ಹುದುಗಿಸುವ ವೈನ್ ಆಗ್ತದಾ ಮಾರಾಯಾ" ಎಂದು ಮೂರು ವರ್ಷ ನಕ್ಕವರು ಇವರೇ.

ಉಡುಪಿ ಹತ್ತಿರದ ಶಂಕರಪುರದ ನಮ್ಮ ಮನೆಯಲ್ಲಿ ವೈನ್ ಅಜ್ಜಿಯ ಕಾಲದಿಂದ ಇದೆ. ಒಂದು ಕೆಜಿ ದ್ರಾಕ್ಷಿಗೆ ಒಂದು ಕೆಜಿ ಸಕ್ಕರೆ, ಹಿಡಿ ಗೋಧಿ, ಲವಂಗ, ಚಕ್ಕೆ, ಭರಣಿ. ಸೆಪ್ಟೆಂಬರ್‌ನ ಮೊಂತಿ ಹಬ್ಬ (ಮೇರಿ ಮಾತೆಯ ಹುಟ್ಟುಹಬ್ಬ) ಕಳೆದು ಅಕ್ಟೋಬರ್‌ನಲ್ಲಿ ಶುರು. ಅಜ್ಜಿಯ ಕೈರುಚಿಗೆ ಹೆಸರಿಡುವ ಧೈರ್ಯ ನನಗಿಲ್ಲ, ಆದರೆ ಅದು ಪಾನಕವೇ. ಜರ್ಮನಿಯ ಮೊಸೆಲ್ ಕಡೆಯ ಹಳೇ ಮನೆತನದವರು ರೀಸ್ಲಿಂಗ್ ಎಂಬ ಬಿಳಿ ದ್ರಾಕ್ಷಿಯ ರಸವನ್ನು 15-18 ಡಿಗ್ರಿಯಲ್ಲಿ ನಿಧಾನ ಹುದುಗಿಸುತ್ತಾರಲ್ಲ, ಹಣ್ಣಿನ ಪರಿಮಳ ಹಾಗೇ ಉಳಿಯುತ್ತದೆ, ನನಗೆ ಅದು ಬೇಕಿತ್ತು.

ಮೊದಲ ವರ್ಷ ಅಕ್ಟೋಬರ್‌ನಲ್ಲೇ 20 ಕೆಜಿ ಬೆಂಗಳೂರು ಬ್ಲೂ ದ್ರಾಕ್ಷಿ ಹಾಕಿದೆ. ಮೂರನೇ ದಿನ ಕ್ಯಾನಿನೊಳಗೆ 36 ಡಿಗ್ರಿ. ಯೀಸ್ಟ್ ಅಲ್ಲಿಗೇ ನಿಂತಿತು. ಅರ್ಧ ಸಿಹಿ, ಬೇಯಿಸಿದ ಹಣ್ಣಿನ ವಾಸನೆ, ಎಲ್ಲ ಬಾಳೆಬುಡಕ್ಕೆ. ಎರಡನೇ ವರ್ಷ ಬೆಂಗಳೂರಿನ ಭಾವನ ಮಾತು ಕೇಳಿ ಕ್ಯಾನಿಗೆ ಒದ್ದೆ ಗೋಣಿ ಸುತ್ತಿದೆ. ಅವನಿಗೆ ಅಲ್ಲಿ ಆಗುತ್ತದೆ, ಗೋಣಿ ಆರುತ್ತಾ ಕ್ಯಾನ್ ತಂಪಾಗುತ್ತದೆ. ಮೈಬೆವರೇ ಆರದ ನಮ್ಮ ಹವೆಯಲ್ಲಿ ಗೋಣಿ ಎಲ್ಲಿ ಆರುವುದು? ಗೋಣಿಗೆ ಬೂಷ್ಟು ಬಂತು, ಮುಚ್ಚಳ ಸಡಿಲವಾಗಿ ಹಣ್ಣುನೊಣ ಹೊಕ್ಕು ಪೂರ್ತಿ ವಿನೆಗರ್ ಆಯಿತು. ಅದರಲ್ಲಿ ಅಮ್ಮ ಮಾಡಿದ ಇಂದಾಡ್ (ವಿನೆಗರ್ ಹಾಕಿದ ಹಂದಿ ಮಾಂಸದ ಪದಾರ್ಥ) ಮಾತ್ರ ಜೋರಿತ್ತು, ಸುಳ್ಳು ಹೇಳಬಾರದು. ಎರಡು ವರ್ಷಕ್ಕೆ ಹೋದದ್ದು ಸುಮಾರು 5,000 ರೂಪಾಯಿ. ಥರ್ಮಾಮೀಟರ್, ರಸದ ಸಕ್ಕರೆ ಅಳೆಯುವ ಹೈಡ್ರೋಮೀಟರ್ ಬಂದದ್ದು ಅಮ್ಮ ಮಲ್ಲಿಗೆ ಮಾರಿದ ದುಡ್ಡಲ್ಲಿ.

ಆಮೇಲೆ ಹೊಳೆಯಿತು, ಅಕ್ಟೋಬರೇ ಯಾಕೆ? ಚಿಕ್ಕಬಳ್ಳಾಪುರ, ದೇವನಹಳ್ಳಿ ಕಡೆಯ ದ್ರಾಕ್ಷಿ ರಾಶಿ ಬೀಳುವುದು ಜನವರಿ ನಂತರ, ರೇಟೂ ಇಳಿದಿರುತ್ತದೆ, ನಮ್ಮಲ್ಲಿ ರಾತ್ರಿ 20-21 ಡಿಗ್ರಿ. "ಕ್ರಿಸ್ಮಸ್ ಮುಗಿದ ಮೇಲೆ ಯಾರಿಗೆ ವೈನ್?" ಎಂದು ಅಮ್ಮ ಕೇಳಿದಳು. ಮುಂದಿನ ಕ್ರಿಸ್ಮಸ್‌ಗೆ ಎಂದೆ.

20 ಕೆಜಿಗೆ ರಸ 12 ಲೀಟರ್ ಸಿಕ್ಕಿತು. ಸಿಪ್ಪೆ ಜೊತೆ ಒಂದೇ ರಾತ್ರಿ ಬಿಟ್ಟು ಹಿಂಡಿದೆ, ಜಾಸ್ತಿ ಬಿಟ್ಟರೆ ಬೆಂಗಳೂರು ಬ್ಲೂನ ಆ ಘಾಟು ಹತ್ತುತ್ತದೆ. ಬ್ರಿಕ್ಸ್ (ರಸದ ಸಕ್ಕರೆಯ ಅಳತೆ) 17 ಇದ್ದದ್ದನ್ನು 21ಕ್ಕೆ ಏರಿಸಲು ಅರ್ಧ ಕೆಜಿಗಿಂತ ಸ್ವಲ್ಪ ಜಾಸ್ತಿ ಸಕ್ಕರೆ, ಅಷ್ಟೇ. ಕ್ಯಾನನ್ನು ಬಾವಿಕಟ್ಟೆಯ ಸಿಮೆಂಟ್ ತೊಟ್ಟಿಯಲ್ಲಿ ಕುತ್ತಿಗೆವರೆಗೆ ಮುಳುಗಿಸಿಟ್ಟೆ. ಬಾವಿ ನೀರೇ 26 ಡಿಗ್ರಿ, ಅದೊಂದೇ ಸಾಲದು. ಹಳೇ ಸೋಡಾ ಬಾಟಲಿಗಳಲ್ಲಿ ನೀರು ಗಟ್ಟಿ ಮಾಡಿ ಬೆಳಿಗ್ಗೆ ನಾಲ್ಕು, ಸಂಜೆ ನಾಲ್ಕು ತೊಟ್ಟಿಗೆ ಹಾಕುತ್ತಿದ್ದೆ. ಫ್ರೀಜರ್‌ನಲ್ಲಿ ಮೀನಿಗೆ ಜಾಗ ಇಲ್ಲ ಎಂದು ಮನೆಯಲ್ಲಿ ದಿನಾ ಜಗಳ. ಕ್ಯಾನಿನೊಳಗೆ 19-20ರಲ್ಲಿ ನಿಂತಿತು, ನಾಲ್ಕನೇ ದಿನ ಮಾತ್ರ 22 ಮುಟ್ಟಿ ನನ್ನ ನಿದ್ದೆ ಕೆಡಿಸಿತು. ತೊಟ್ಟಿಯ ನೀರನ್ನು ಎರಡು ದಿನಕ್ಕೊಮ್ಮೆ ಮಲ್ಲಿಗೆ ಗಿಡಗಳಿಗೆ ಬಿಟ್ಟೆ, ಹನಿ ದಂಡ ಆಗಲಿಲ್ಲ. ಗುಳ್ಳೆ ನಿಲ್ಲಲು 24 ದಿನ ಬೇಕಾಯಿತು. ಮೂರು ಸಲ ತಳದ ಗಷ್ಟು ಬಿಟ್ಟು ಮೇಲಿನದ್ದನ್ನು ಬೇರೆ ಮಾಡಿದೆ. ಎರಡನೇ ಸಲ ಒಂದು ಸಾಮಾನು ಸೇರಿಸುತ್ತೇನೆ, ಅದು ಅಜ್ಜಿಯ ಡಬ್ಬಿಯದ್ದು, ಹೆಸರು ಕೇಳಬೇಡಿ.

ನಡುವೆ ಏಪ್ರಿಲ್‌ನಲ್ಲಿ ಗೇರುಹಣ್ಣಿನದ್ದೂ ಮಾಡಿ ನೋಡಿದೆ. ಅದರ ರಸ ಗಂಟಲು ಕೆರೆಯುತ್ತದೆ, ಸಾಬಕ್ಕಿ ಗಂಜಿ ಹಾಕಿದರೆ ಒಗರು ತಳಕ್ಕೆ ಕೂರುತ್ತದೆ, ಅದು ಸರಿಯಾಯಿತು. ಆದರೆ ಆ ಸೆಕೆಯಲ್ಲಿ ಎಷ್ಟು ಬಾಟಲಿ ಹಾಕಿದರೂ 25ಕ್ಕಿಂತ ಕೆಳಗೆ ಇಳಿಯಲಿಲ್ಲ. ಕುಡಿಯಬಹುದು, ಹೊಗಳುವ ಹಾಗಿಲ್ಲ.

ದ್ರಾಕ್ಷಿಯದ್ದು ಕೊನೆಗೆ 13 ಬಾಟಲಿ ಬಂತು, ಒಂದಕ್ಕೆ 150 ರೂಪಾಯಿ ಬಿದ್ದಿರಬಹುದು. ತಿಳಿ ಗುಲಾಬಿ ಬಣ್ಣ, ಸಿಹಿ ಇಲ್ಲವೇ ಇಲ್ಲ. ಈ ಜನವರಿಗೆ 40 ಕೆಜಿ ಹಾಕುವವನಿದ್ದೇನೆ. ಚಿಕ್ಕಪ್ಪ ತಮ್ಮ ಮನೆಯ ಫ್ರೀಜರನ್ನೂ ಖಾಲಿ ಮಾಡಿಕೊಡುತ್ತಾರಂತೆ. ಚಿಕ್ಕಮ್ಮನಿಗೆ ಇನ್ನೂ ಹೇಳಿಲ್ಲವಂತೆ.