ಶಾಕ್ ನಿಂತಲ್ಲಿ ನಿಲ್ಲಲಿಲ್ಲ

ನಾನು ಸೂಪರ್‌ಸಾನಿಕ್ ಗಾಳಿ ಸುರಂಗದಲ್ಲಿ ಮೊದಲು ಕೂರಿಸಿದ ಮಾಡೆಲ್ ತೀರಾ ಸರಳವಾಗಿತ್ತು: ಒಂದು ಚಪ್ಪಟೆ ತಟ್ಟೆ, ಅದರ ತುದಿಯಲ್ಲಿ 24 ಡಿಗ್ರಿ ಏರುವ ರ‍್ಯಾಂಪ್. ಮ್ಯಾಕ್ 2.5ರಲ್ಲಿ, ಅಂದರೆ ಶಬ್ದದ ಎರಡೂವರೆ ಪಟ್ಟು ವೇಗದಲ್ಲಿ ಬರುವ ಗಾಳಿ ಆ ಮೂಲೆಯಲ್ಲಿ ತಿರುಗಲೇಬೇಕು. ತಿರುಗುವಾಗ ಆಘಾತ ತರಂಗ, ಅಂದರೆ ಶಾಕ್ ಹುಟ್ಟುತ್ತದೆ, ಒತ್ತಡ ಹತ್ತಿರ ಹತ್ತಿರ ನಾಲ್ಕು ಪಟ್ಟಾಗುತ್ತದೆ. ಇಷ್ಟನ್ನು ಲೆಕ್ಕ ಹಾಕಲು ಅರ್ಧ ಪುಟ ಸಾಕು.

ಆ ಅರ್ಧ ಪುಟದಲ್ಲಿ ಇಲ್ಲದ್ದೇ ಬೌಂಡರಿ ಲೇಯರ್. 1904ರಲ್ಲಿ ಜರ್ಮನ್ ವಿಜ್ಞಾನಿ ಪ್ರಾಂಟ್ಲ್ ತೋರಿಸಿಕೊಟ್ಟ, ಗೋಡೆಗೆ ಅಂಟಿ ಹರಿಯುವ ತೆಳು ಪದರ. ನನ್ನ ತಟ್ಟೆಯ ಮೇಲೆ ಅದರ ದಪ್ಪ ಸುಮಾರು 5 ಮಿ.ಮೀ. ಅದರಾಚೆ ಗಾಳಿ ಸೆಕೆಂಡಿಗೆ 580 ಮೀಟರ್ ಓಡುತ್ತಿದ್ದರೆ ಗೋಡೆಯ ಮೇಲೆ ವೇಗ ಸೊನ್ನೆ. ತಳದ ಗಾಳಿ ಶಬ್ದಕ್ಕಿಂತ ನಿಧಾನ, ಹಾಗಾಗಿ ಮುಂದೆ ಒತ್ತಡ ಏರಿದ ಸುದ್ದಿ ಅದರೊಳಗಿಂದಲೇ ಹಿಂದಕ್ಕೆ ತಲುಪುತ್ತದೆ. ಆ ಒತ್ತಡವನ್ನು ಎದುರಿಸಿ ನುಗ್ಗುವ ಕಸುವು ಅದಕ್ಕಿಲ್ಲ. ಗೋಡೆ ಬಿಟ್ಟು ಮೇಲೇಳುತ್ತದೆ, ಕೆಳಗೊಂದು ಗುಳ್ಳೆಯಂತೆ ಸುತ್ತತೊಡಗುತ್ತದೆ. ಶಾಕ್ ಮೂಲೆ ಬಿಟ್ಟು ಗಾಳಿ ಬರುವ ಕಡೆಗೆ ಸರಿಯುತ್ತದೆ.

ಪ್ರತಿ ರನ್‌ಗೆ ಒಂದು ಶ್ಲೀರೆನ್ ಫೋಟೋ (ಗಾಳಿಯ ಸಾಂದ್ರತೆಯ ಏರಿಳಿತವನ್ನು ಬೆಳಕು-ನೆರಳಾಗಿ ತೋರಿಸುವ ಚಿತ್ರ) ತೆಗೆದು, ಶಾಕ್‌ನ ಬುಡ ಮೂಲೆಯಿಂದ ಎಷ್ಟು ದೂರ ಎಂದು ಅಳೆಯುತ್ತಿದ್ದೆ. ಒಂದು ಫೋಟೋಗೂ ಇನ್ನೊಂದಕ್ಕೂ ಹಲವು ಮಿ.ಮೀ. ವ್ಯತ್ಯಾಸ. ಮಾಡೆಲ್ ಅಲುಗುತ್ತಿದೆ ಎಂದುಕೊಂಡು ಬೋಲ್ಟ್ ಬಿಚ್ಚಿ ಬಿಗಿದೆ, ಟ್ಯಾಂಕಿನ ಒತ್ತಡ ತಾಳೆ ನೋಡಿದೆ. ಎಲ್ಲವೂ ಸರಿಯಿತ್ತು.

ಗೋಡೆಯಲ್ಲಿ ಹೂತಿದ್ದ ಪ್ರೆಶರ್ ಸೆನ್ಸರ್‌ನ ಸರಾಸರಿಯನ್ನಷ್ಟೇ ಅಲ್ಲಿಯವರೆಗೆ ನೋಡುತ್ತಿದ್ದೆ. ಸರಾಸರಿಯ ಗ್ರಾಫ್ ನುಣ್ಣಗೆ ಏರುತ್ತದೆ. ಒಂದು ದಿನ ಫಿಲ್ಟರ್ ತೆಗೆದು ಕಚ್ಚಾ ಸಿಗ್ನಲ್ ಹರಡಿ ನೋಡಿದರೆ ಅಲ್ಲಿ ಏರಿಕೆಯೇ ಇಲ್ಲ! ಒತ್ತಡ ಕೆಳಗಿನ ಮಟ್ಟದಲ್ಲಿರುತ್ತದೆ, ಥಟ್ಟನೆ ಮೇಲಿನ ಮಟ್ಟಕ್ಕೆ ಜಿಗಿಯುತ್ತದೆ, ಕೊಂಚ ಹೊತ್ತಿಗೆ ಮತ್ತೆ ಬೀಳುತ್ತದೆ. ಶಾಕ್ ಸೆನ್ಸರನ್ನು ದಾಟಿ ಹೋಗಿ ಬರುತ್ತಿತ್ತು. ನಾನು ಬರೆದಿಟ್ಟಿದ್ದ ನುಣ್ಣನೆಯ ಏರು ಯಾವ ಕ್ಷಣದಲ್ಲೂ ಆ ಗೋಡೆಯ ಮೇಲೆ ಇರಲಿಲ್ಲ.

ಇದರಲ್ಲಿ ಇನ್ನೊಂದು ತಪ್ಪನ್ನೂ ಮಾಡಿದೆ. ಬೌಂಡರಿ ಲೇಯರಿನ ಸುಳಿಗಳ ಲಯ ಸೆಕೆಂಡಿಗೆ ಲಕ್ಷದ ಆಸುಪಾಸು, ಆದ್ದರಿಂದ ಅತಿ ವೇಗವಾಗಿ, ಆದರೆ ಬರೀ 50 ಮಿಲಿಸೆಕೆಂಡ್ ದಾಖಲಿಸಿದೆ. ಶಾಕ್‌ನ ಓಡಾಟವಾದರೋ ನೂರು ಪಟ್ಟಿಗೂ ನಿಧಾನ, ನನ್ನ ಮಾಡೆಲ್‌ನಲ್ಲಿ 700 ಹರ್ಟ್ಸ್ ಹತ್ತಿರ. 50 ಮಿಲಿಸೆಕೆಂಡಿನಲ್ಲಿ ಸಿಗುವುದು ಮೂವತ್ತೈದು ತೂಗಾಟ, ಅಷ್ಟೆ. ಪ್ರತಿ ಸಲವೂ ಬೇರೆಯೇ ಸ್ಪೆಕ್ಟ್ರಮ್ (ಯಾವ ಲಯದ ತೂಗಾಟ ಎಷ್ಟಿದೆ ಎಂಬ ಲೆಕ್ಕ) ಬಂತು. ರನ್ ಸ್ಥಿರವಾಗಿರುವಷ್ಟು ಹೊತ್ತನ್ನೂ ದಾಖಲಿಸತೊಡಗಿದ ಮೇಲೆ ಸ್ಪೆಕ್ಟ್ರಮ್ ಒಂದು ಹದಕ್ಕೆ ಬಂತು. ಈ ನಿಧಾನಕ್ಕೆ ಕಾರಣ ಶಾಕ್‌ಗಿಂತ ಮೊದಲೇ ಹರಿದು ಬರುವ ಬೌಂಡರಿ ಲೇಯರೋ ಶಾಕ್ ದಾಟಿದ ಮೇಲಿರುವ ಗುಳ್ಳೆಯೋ ಎಂಬ ಚರ್ಚೆ ಬಹಳ ನಡೆದಿದೆ. ಗುಳ್ಳೆ ದೊಡ್ಡದಿದ್ದಾಗ ಅದರ ಉಸಿರಾಟವೇ ಶಾಕನ್ನು ಎಳೆದಾಡುತ್ತದೆ ಎಂಬುದು ನನ್ನ ಒಲವು.

ಎಣ್ಣೆಯ ಪ್ರಯೋಗ ನನಗೆ ಎಲ್ಲಕ್ಕಿಂತ ಪ್ರಿಯ. ಕಪ್ಪು ಬಳಿದ ಮಾಡೆಲ್ ಮೇಲೆ ಎಣ್ಣೆ, ಟೈಟೇನಿಯಂ ಡೈಆಕ್ಸೈಡ್ ಪುಡಿ, ಕೆಲವು ಹನಿ ಓಲಿಕ್ ಆಮ್ಲ ಕಲಸಿ ಹಚ್ಚಬೇಕು. ತೆಳುವಾದರೆ ಕೊಚ್ಚಿಹೋಗುತ್ತದೆ, ಗಟ್ಟಿಯಾದರೆ ಕದಲುವುದೇ ಇಲ್ಲ. ಫೋಟೋವನ್ನು ರನ್ ನಡೆಯುತ್ತಿರುವಾಗಲೇ ಕಿಟಕಿಯಿಂದ ತೆಗೆಯಬೇಕು, ಏಕೆಂದರೆ ಸುರಂಗ ನಿಲ್ಲುವಾಗ ಒಳಗೆ ಹಾದುಹೋಗುವ ಶಾಕ್ ಚಿತ್ರವನ್ನೆಲ್ಲ ಕಲಕಿಬಿಡುತ್ತದೆ. ಗಾಳಿ ಗೋಡೆ ಬಿಡುವಲ್ಲಿ ಬಿಳಿ ಎಣ್ಣೆ ಗೆರೆಯಾಗಿ ಕೂಡಿಕೊಂಡಿತು. ನೇರ ಗೆರೆಯಲ್ಲ. ಎರಡೂ ಬದಿಯ ಗೋಡೆಗಳ ಹತ್ತಿರ ಬಾಗಿ, ಮೂಲೆಗಳಲ್ಲಿ ಒಂದೊಂದು ಸುರುಳಿಯಾಗಿ ಮುಗಿದಿತ್ತು. ಶ್ಲೀರೆನ್‌ನ ಬೆಳಕು ಇಡೀ ಅಗಲವನ್ನು ಹಾದು ಬರುತ್ತದೆ, ಹಾಗಾಗಿ ಈ ಬದಿಗಳದ್ದೂ ನಡುವಿನದ್ದೂ ಒಂದೇ ಚಿತ್ರದಲ್ಲಿ ಬೆರೆತುಹೋಗಿತ್ತು. ಅಂದಿನಿಂದ ಗುಳ್ಳೆಯ ಉದ್ದದ ಜೊತೆ ಮಾಡೆಲ್ ಅಗಲವನ್ನೂ ತಪ್ಪದೆ ಬರೆಯುತ್ತೇನೆ.

ಇಷ್ಟು ಹಠ ಬೇಕೇ ಎಂದು ಕೇಳಿದವರಿಗೆ ನಾನು ಅಮೆರಿಕದ ಎಕ್ಸ್-15 ರಾಕೆಟ್ ವಿಮಾನದ ಕಥೆ ಹೇಳುತ್ತೇನೆ. 1967ರ ಅಕ್ಟೋಬರ್ 3ರಂದು ಅದು ಮ್ಯಾಕ್ 6.7 ಮುಟ್ಟಿದಾಗ, ಕೆಳಗೆ ತೂಗಿದ್ದ, ಎಂಜಿನ್ನಿನ ನಕಲು ಮಾದರಿಯಾದ ಡಮ್ಮಿ ರ‍್ಯಾಮ್‌ಜೆಟ್‌ನ ಶಾಕ್ ಅದನ್ನು ಹಿಡಿದಿದ್ದ ಪೈಲಾನ್‌ಗೆ ಬಡಿದು ಲೋಹವನ್ನೇ ಸುಟ್ಟು ತೂತು ಮಾಡಿತ್ತು. ಶಾಕ್ ಎಲ್ಲಿ ಬೀಳುತ್ತದೆ ಎಂಬುದಕ್ಕೆ ಅಷ್ಟು ಬೆಲೆಯಿದೆ.

ಕೊನೆಗೆ 3 ಮಿ.ಮೀ.ಗೊಂದರಂತೆ ಸೆನ್ಸರ್‌ಗಳ ಸಾಲು ಕೂರಿಸಿ, ಹೈಸ್ಪೀಡ್ ಕ್ಯಾಮೆರಾವನ್ನೂ ಅದೇ ಗಡಿಯಾರಕ್ಕೆ ಜೋಡಿಸಿದೆ. ಮೂರನೇ ಸೆನ್ಸರ್‌ನಲ್ಲಿ ಒತ್ತಡ ಜಿಗಿದ ಕ್ಷಣ ಹಿಡಿದು ಆ ಫ್ರೇಮ್ ತೆರೆದೆ. ಶಾಕ್‌ನ ಬುಡ ಸರಿಯಾಗಿ ಆ ಸೆನ್ಸರ್ ಹೂತ ತೂತಿನ ಮೇಲೆ ನಿಂತಿತ್ತು. ಮುಂದಿನ ಫ್ರೇಮಿಗೆ ಅದನ್ನು ದಾಟಿ ಹೋಗಿತ್ತು.